ಮಳೆಯ ಲೆಕ್ಕವಿದೆ, ಮೈಯ ಲೆಕ್ಕವೆಲ್ಲಿ?

ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಇನ್ನೂ ಉಳಿದಿದೆ. ಅಂಗಳದ ಅಂಚಿನಲ್ಲೊಂದು ಮಳೆಮಾಪಕ, ಜಗಲಿಯ ಗೂಡಿನಲ್ಲೊಂದು ಹಳೆಯ ಡೈರಿ, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಬರೆದ ಮಿಲಿಮೀಟರುಗಳು. ಆರಿದ್ರಾ ಮಳೆ ಎಷ್ಟು ಸುರಿಯಿತು, ಪುಷ್ಯ ಕೈಕೊಟ್ಟಿತೇ, ಕೊಳೆಗೆ ಎಷ್ಟು ಬಾರಿ ಮದ್ದು ಹೊಡೆಯಬೇಕಾಯಿತು, ಕಡೆಗೆ ಅಡಿಕೆ ಎಷ್ಟು ಕ್ವಿಂಟಾಲ್ ಆಯಿತು ಎಂಬುದಕ್ಕೆಲ್ಲ ಅಲ್ಲಿ ದಾಖಲೆ ಸಿಗುತ್ತದೆ. ಅದೇ ಮನೆಯ ಎಪ್ಪತ್ತು ದಾಟಿದ ಹಿರಿಯರ ರಕ್ತದೊತ್ತಡ ಮೂರು ವರ್ಷಗಳ ಹಿಂದೆ ಎಷ್ಟಿತ್ತೆಂದು ಕೇಳಿ ನೋಡಿ. ‘ಸ್ವಲ್ಪ ಜಾಸ್ತಿ ಅಂದಿದ್ದರು’ ಎಂಬ ಉತ್ತರ ಬರುತ್ತದೆ. ತೂಕ ಎಷ್ಟು ಇಳಿದಿದೆ ಎಂದರೆ, ‘ಅಂಗಿ ಸಡಿಲವಾಗಿದೆ’ ಎಂಬುದಷ್ಟೇ ಲೆಕ್ಕ. ಉಚಿತ ತಪಾಸಣಾ ಶಿಬಿರದಲ್ಲಿ ಕೊಟ್ಟ ಚೀಟಿ ಆ ವಾರವೇ ಎಲ್ಲೋ ಮಾಯವಾಗಿರುತ್ತದೆ.

ಆಕಾಶದಿಂದ ಬೀಳುವ ನೀರಿಗೆ ನಾವು ತೋರುವ ಶ್ರದ್ಧೆ ನಮ್ಮ ಹಿರಿಯರ ಮೈಯಲ್ಲಿ ಹರಿಯುವ ರಕ್ತಕ್ಕೆ ಇಲ್ಲ. ನಾನು ವೈದ್ಯನಲ್ಲ. ಮಣ್ಣು ಮತ್ತು ಬೆಳೆಗಳ ನಡುವೆ ಎರಡು ದಶಕ ಕಳೆದ ಕೃಷಿ ವಿಜ್ಞಾನಿ, ಈ ಬೆಟ್ಟದ ನಿವಾಸಿ. ಆದರೆ ನಿಧಾನವಾಗಿ ಬದಲಾಗುವ ಯಾವುದನ್ನಾದರೂ ತಿಳಿಯಬೇಕಾದರೆ ಅದನ್ನು ಹೇಗೆ ಅಳೆಯಬೇಕು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ದೌರ್ಬಲ್ಯ, ಉಬ್ಬಸ, ಕೀಲುನೋವು, ಮರೆವು ಇವೆಲ್ಲವೂ ಮಣ್ಣಿನ ಸವಕಳಿಯಂತೆ ನಿಧಾನದ ಸಂಗತಿಗಳು. ಒಂದು ದಿನದ ಅಳತೆಯಿಂದ ಇವುಗಳ ಗತಿ ತಿಳಿಯುವುದಿಲ್ಲ. ಅದೇ ವ್ಯಕ್ತಿಯನ್ನು ಅದೇ ಕ್ರಮದಲ್ಲಿ ವರ್ಷಗಟ್ಟಲೆ ಅಳೆದು ಬರೆದಿಟ್ಟಾಗ ಮಾತ್ರ ತಿಳಿಯುತ್ತದೆ. ಆ ಬರಹವನ್ನು ಸರ್ಕಾರವೋ ಆಸ್ಪತ್ರೆಯೋ ಇಟ್ಟುಕೊಳ್ಳಲಿ ಎಂದು ಕಾಯದೆ, ನಮ್ಮ ಊರುಗಳೇ ಆರಂಭಿಸಬೇಕು ಎಂಬುದು ಈ ಲೇಖನದ ವಾದ.

ಎರಡು ಊರಿನ ಹಿರಿಯರು

ಬೆಟ್ಟದ ಪತ್ರಿಕೆಯಲ್ಲಿ ಬೆಂಗಳೂರಿನ ಹೊರಮಾವಿನ ಹೆಸರು ಬರುವುದು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಈ ಸಮಸ್ಯೆಯ ಅರ್ಧ ಭಾಗ ಇರುವುದು ಅಲ್ಲಿಯೇ. ಬೆಂಗಳೂರಿನ ಪೂರ್ವದಲ್ಲಿ, ಕೃಷ್ಣರಾಜಪುರಕ್ಕೆ ಹತ್ತಿರ, ಕೆರೆಗಳನ್ನೂ ಹೊಲತೋಪುಗಳನ್ನೂ ಹೊಂದಿದ್ದ ಹಳ್ಳಿ ಅದು. ವರ್ತುಲ ರಸ್ತೆ ಬಂದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲೆ ಬಡಾವಣೆಗಳು ಒಂದರ ಬೆನ್ನಿಗೊಂದು ಎದ್ದವು. ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಊರುಗಳ ಮಕ್ಕಳಲ್ಲಿ ಎಷ್ಟೋ ಮಂದಿ ಹೊರಮಾವು, ಕಲ್ಕೆರೆ, ರಾಮಮೂರ್ತಿನಗರ, ಬಾಣಸವಾಡಿಗಳ ಸುತ್ತ ನೆಲೆಸಿದ್ದಾರೆ. ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆ ಅವರು ತಂದೆತಾಯಿಯರನ್ನು ಕರೆದೊಯ್ಯುತ್ತಾರೆ. ಮಳೆಗಾಲ ಮುಗಿದು ಕೊನೆಕೊಯ್ಲಿನ ಹೊತ್ತಿಗೆ ಹಿರಿಯರು ತೋಟ ನೆನೆದು ಊರಿಗೆ ಮರಳುತ್ತಾರೆ. ಹೀಗೆ ನಮ್ಮ ಹಿರಿಯರು ವರ್ಷಕ್ಕೆ ಎರಡು ಊರಿನ ನಿವಾಸಿಗಳಾಗಿದ್ದಾರೆ.

ಊರಿನಲ್ಲಿ ಒಬ್ಬ ವೈದ್ಯರು, ಹೊರಮಾವಿನಲ್ಲಿ ಇನ್ನೊಬ್ಬರು. ಅಲ್ಲಿಯ ಪ್ರಯೋಗಾಲಯದ ವರದಿ ಮಗನ ಮೊಬೈಲಿನಲ್ಲಿ, ಇಲ್ಲಿಯ ಚೀಟಿ ದೇವರ ಕೋಣೆಯ ಡಬ್ಬಿಯಲ್ಲಿ. ಔಷಧವೂ ಹಾಗೆಯೇ. ರಕ್ತದೊತ್ತಡಕ್ಕೆ ಬಹಳ ಜನ ನುಂಗುವ ಆಮ್ಲೊಡಿಪಿನ್ ಎಂಬ ಒಂದೇ ಔಷಧ ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಸಿಗುತ್ತದೆ. ಊರಿನ ಮಾತ್ರೆಯ ಹೆಸರೊಂದು, ನಗರದ ಮಾತ್ರೆಯ ಹೆಸರೊಂದು. ಎರಡೂ ಬೇರೆಯೆಂದು ತಿಳಿದು ಎರಡನ್ನೂ ನುಂಗಿದರೆ ಪಾದ ಬಾಯುತ್ತದೆ, ತಲೆ ಸುತ್ತುತ್ತದೆ. ತಲೆ ಸುತ್ತಿದ ಎಪ್ಪತ್ತೈದರ ಅಜ್ಜಿ ಹಾಸುಗಲ್ಲಿನ ಪಾಚಿಯ ಮೇಲೆ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ಮಧುಮೇಹದ ಕೆಲವು ಮಾತ್ರೆಗಳು ಇಮ್ಮಡಿಯಾದರಂತೂ ರಕ್ತದ ಸಕ್ಕರೆ ದಿಢೀರನೆ ಕುಸಿದು ಪ್ರಾಣಕ್ಕೇ ಅಪಾಯ. ಇದರಲ್ಲಿ ಯಾವ ವೈದ್ಯರ ಅಜ್ಞಾನವೂ ಇಲ್ಲ. ಇಬ್ಬರ ಕಣ್ಣಿಗೂ ಬೀಳುವಂಥ ಒಂದೇ ಪುಸ್ತಕ ಇಲ್ಲದ್ದೇ ಇದಕ್ಕೆ ಕಾರಣ.

ಇನ್ನೊಂದು ತೊಡಕು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಚಳಿಯಲ್ಲಿ ರಕ್ತದೊತ್ತಡ ಏರುವುದು, ಸೆಖೆಯಲ್ಲಿ ಇಳಿಯುವುದು ಸಹಜ. ಊರಿನಲ್ಲಿ ತೋಟಕ್ಕೆ ಹತ್ತಿ ಇಳಿಯುವ ದೇಹ ಹೊರಮಾವಿನ ಮೂರನೆಯ ಮಹಡಿಯಲ್ಲಿ ಕುಳಿತೇ ಇರುತ್ತದೆ. ಊಟದ ಉಪ್ಪು, ನಿದ್ರೆ, ಕವಳದ ಲೆಕ್ಕ ಎಲ್ಲವೂ ಬದಲಾಗುತ್ತವೆ. ಹೀಗಿರುವಾಗ ಜುಲೈ ತಿಂಗಳಲ್ಲಿ ನಗರದಲ್ಲಿ ಕಂಡ ಅಂಕಿಯನ್ನೂ ಜನವರಿಯಲ್ಲಿ ಹಳ್ಳಿಯಲ್ಲಿ ಕಂಡ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಊರು, ಯಾವ ತಿಂಗಳು, ಯಾವ ಔಷಧ ಎಂಬುದರೊಡನೆ ನೋಡದೆ ಔಷಧದ ಪ್ರಮಾಣವನ್ನು ಏರಿಳಿಸುವುದು ಕತ್ತಲೆಯಲ್ಲಿ ಮದ್ದು ಹೊಡೆದಂತೆ.

ಒಂದು ಅಳತೆ ಮತ್ತು ಅಳತೆಗಳ ಸಾಲು

ಒಂದು ಉದಾಹರಣೆ ನೋಡೋಣ. ಮೂತ್ರಪಿಂಡಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ವಸ್ತುವನ್ನು ಅಳೆಯುತ್ತಾರೆ. ಅರವತ್ತೈದರ ಆಸುಪಾಸಿನ ಒಬ್ಬ ಪುರುಷನಲ್ಲಿ ಅದು ಒಂದು ವರ್ಷ 0.8 ಇತ್ತು, ಕೆಲವು ವರ್ಷಗಳ ನಂತರ 1.2 ಆಯಿತು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಪ್ರಯೋಗಾಲಯಗಳು ಮುದ್ರಿಸುವ ಮಿತಿಯ ಪ್ರಕಾರ ಎರಡೂ ‘ಸರಿಯಾಗಿವೆ’. ಎರಡು ಚೀಟಿಗಳನ್ನು ಬೇರೆ ಬೇರೆಯಾಗಿ ನೋಡಿದವರು ಚಿಂತೆಯಿಲ್ಲವೆನ್ನುತ್ತಾರೆ. ಒಟ್ಟಿಗೆ ಇಟ್ಟು ನೋಡಿದವರಿಗೆ, ಮೂತ್ರಪಿಂಡಗಳ ಸೋಸುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕುಂದಿರಬಹುದೆಂಬ ಸೂಚನೆ ಸಿಗುತ್ತದೆ. ಆ ಹಂತದಲ್ಲಿ ರಕ್ತದೊತ್ತಡ, ಸಕ್ಕರೆ ಹತೋಟಿಗೆ ತಂದು, ಕೀಲುನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳನ್ನು ನಿಲ್ಲಿಸಿದರೆ ಮುಂದಿನ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಮೂತ್ರಪಿಂಡ ರೋಗ ನೋವಿಲ್ಲದೆ ಬೆಳೆಯುವಂಥದ್ದು. ಕಾಲು ಬಾತು ಉಸಿರು ಕಟ್ಟುವವರೆಗೆ ಕಾದರೆ ಉಳಿಯುವುದು ಡಯಾಲಿಸಿಸ್ ಮಾತ್ರ. ನಮ್ಮ ಬೆಟ್ಟದೂರುಗಳಿಂದ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಹೋಗಿಬರುವುದು ಎಂದರೇನೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಕೃಷಿ ವಿಜ್ಞಾನದಲ್ಲಿ ಈ ಸತ್ಯ ಬಹಳ ಹಿಂದೆಯೇ ಮನದಟ್ಟಾಗಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿ ಹೊಲದ ಪ್ರಯೋಗ ಇಂದಿಗೂ ನಡೆಯುತ್ತಿದೆ. ನಮ್ಮ ನೆರೆಯ ಕೊಯಮತ್ತೂರಿನಲ್ಲಿ 1909ರಲ್ಲಿ ಶುರುವಾದ ಗೊಬ್ಬರದ ಶಾಶ್ವತ ಪ್ರಯೋಗ ಶತಮಾನ ದಾಟಿದೆ. ಒಂದು ವರ್ಷದ ಇಳುವರಿ ಹೇಳದ ಮಾತನ್ನು ನೂರು ವರ್ಷದ ಇಳುವರಿ ಹೇಳುತ್ತದೆ. ಮನುಷ್ಯರ ವಿಷಯದಲ್ಲಿ ಇಂಥ ಪ್ರಯತ್ನಗಳಲ್ಲಿ ಹೆಸರಾದದ್ದು ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದ್ದು. 1948ರಲ್ಲಿ ಅಲ್ಲಿಯ 5,209 ಸ್ತ್ರೀಪುರುಷರನ್ನು ಆಯ್ದು, ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದರು. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸ್ವಾಭಾವಿಕ, ಅದಕ್ಕೆ ಔಷಧ ಬೇಕಿಲ್ಲ ಎಂದು ಆಗ ಅನೇಕ ವೈದ್ಯರೂ ನಂಬಿದ್ದರು. ಏರಿದ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಹೃದಯದ ಕಾಯಿಲೆಗೆ ದಾರಿ ಮಾಡುತ್ತವೆ ಎಂಬ ಇಂದಿನ ತಿಳಿವಳಿಕೆಗೆ ಬುನಾದಿ ಹಾಕಿದ್ದು ಆ ಒಂದು ಪಟ್ಟಣದ ತಾಳ್ಮೆ. ಅವರು ಮಾಡಿದ್ದು ಮಹಾ ಯಂತ್ರಗಳ ಕೆಲಸವಲ್ಲ. ಅದೇ ಜನರನ್ನು ಮತ್ತೆ ಮತ್ತೆ ಕರೆದು, ಅಳೆದು, ಬರೆದಿಟ್ಟರು.

ನಮ್ಮ ರಾಜ್ಯದ ಪ್ರಯತ್ನಗಳು

ಈ ಬಗೆಯ ಕೆಲಸ ನಮ್ಮಲ್ಲಿ ಇಲ್ಲವೇ ಇಲ್ಲವೆನ್ನಲಾಗದು. ಹೊರಮಾವಿನಿಂದ ಹಳೆ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಕೋಲಾರ, ಅದರಾಚೆ ಮಾವಿನ ತೋಪುಗಳ ಶ್ರೀನಿವಾಸಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ದೀರ್ಘಕಾಲ ಅನುಸರಿಸುವ ಗುರಿಯೊಡನೆ 2018ರಲ್ಲಿ ಅಧ್ಯಯನ ಆರಂಭಿಸಿತು. ವಯಸ್ಸಾದಂತೆ ಮಿದುಳಿನ ಶಕ್ತಿ ಹೇಗೆ ಬದಲಾಗುತ್ತದೆ, ಯಾರಿಗೆ ಮರೆವಿನ ಕಾಯಿಲೆ ಬರುತ್ತದೆ, ರಕ್ತದೊತ್ತಡ ಮಧುಮೇಹಗಳಿಗೂ ಅದಕ್ಕೂ ನಂಟೇನು ಎಂದು ನೋಡುವುದು ಅದರ ಉದ್ದೇಶ. ಬೆಂಗಳೂರು ನಗರದ ಹಿರಿಯರನ್ನು ಕುರಿತ ಇಂಥದೇ ಇನ್ನೊಂದು ಅಧ್ಯಯನವನ್ನೂ ಅದೇ ಕೇಂದ್ರ ನಡೆಸುತ್ತಿದೆ.

ರಾಷ್ಟ್ರಮಟ್ಟದಲ್ಲಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನವಿದೆ. 2010ರಲ್ಲಿ ಅದರ ಪೂರ್ವಪ್ರಯೋಗ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017–18ರ ಮೊದಲ ಸುತ್ತಿನಲ್ಲಿ 45 ವರ್ಷ ಮೇಲ್ಪಟ್ಟವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಮಂದಿಯನ್ನು ಭೇಟಿ ಮಾಡಿದರು. ಪ್ರಶ್ನೆ ಕೇಳಿದ್ದಷ್ಟೇ ಅಲ್ಲ, ರಕ್ತದೊತ್ತಡ, ಕೈಹಿಡಿತದ ಬಲ, ಉಸಿರಿನ ಶಕ್ತಿಗಳನ್ನೂ ಅಳೆದರು. 2021ರ ಜನವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದ ಸುಮಾರು ಏಳೂವರೆ ಕೋಟಿ ಜನ ಒಂದಲ್ಲ ಒಂದು ದೀರ್ಘಕಾಲೀನ ಕಾಯಿಲೆಯಿಂದ ಬಳಲುತ್ತಿದ್ದಾರೆ.

ಈ ಅಧ್ಯಯನಗಳು ಅಗತ್ಯ, ಗೌರವಾರ್ಹ. ಆದರೆ ಅವು ದೇಶದ, ರಾಜ್ಯದ ಚಿತ್ರ ಕೊಡುತ್ತವೆಯೇ ಹೊರತು ಒಂದು ಹೋಬಳಿಯ ಚಿತ್ರವನ್ನಲ್ಲ. ಬಯಲುಸೀಮೆಯ ಶ್ರೀನಿವಾಸಪುರದ ಗಾಳಿ, ನೀರು, ದುಡಿಮೆ, ಊಟಗಳೇ ಬೇರೆ. ಬಚ್ಚಲೊಲೆಯ ಹೊಗೆ, ವರ್ಷಕ್ಕೆ ನಾಲ್ಕು ತಿಂಗಳು ಒಣಗದ ಗೋಡೆ, ಉಪ್ಪಿನಲ್ಲಿ ಅದ್ದಿದ ಅಪ್ಪೆಮಿಡಿ, ಇಳಿಜಾರಿನ ದುಡಿಮೆ ಇವುಗಳ ಲೆಕ್ಕ ಬೇರೆಯೇ ಆಗಬೇಕು.

ಇಂಥ ಅಧ್ಯಯನಗಳಿಗೆ ಎದುರಾಗುವ ಒಂದು ದೊಡ್ಡ ತೊಡಕನ್ನೂ ಇಲ್ಲಿ ಹೇಳಬೇಕು. ಎರಡನೆಯ ಸಲ ಹೋದಾಗ ಮೊದಲ ಸಲ ಸಿಕ್ಕವರೆಲ್ಲ ಸಿಗುವುದಿಲ್ಲ. ಕೆಲವರು ತೀರಿಹೋಗಿರುತ್ತಾರೆ, ಕೆಲವರು ಹಾಸಿಗೆ ಹಿಡಿದಿರುತ್ತಾರೆ, ಕೆಲವರು ಮಕ್ಕಳ ಮನೆಗೆ ಹೋಗಿರುತ್ತಾರೆ. ಹೆಚ್ಚಾಗಿ ಕಾಯಿಲೆ ಬಲಿತವರೇ ಕೈತಪ್ಪಿ ಹೋಗುವವರು. ಉಳಿದವರನ್ನಷ್ಟೇ ಅಳೆದು ಊರಿನ ಆರೋಗ್ಯ ಚೆನ್ನಾಗಿದೆಯೆಂದರೆ, ಹಿಡಿಮುಂಡಿಗೆ ರೋಗದಲ್ಲಿ ಬಿದ್ದ ಮರಗಳನ್ನು ಬಿಟ್ಟು ನಿಂತ ಮರಗಳನ್ನು ಮಾತ್ರ ಎಣಿಸಿ ತೋಟ ಸೊಗಸಾಗಿದೆ ಎಂದಂತೆ. ಹೊರಮಾವಿಗೆ ಹೋದ ಹಿರಿಯರನ್ನು ಹಿಂಬಾಲಿಸಬಲ್ಲ ದಾಖಲೆ ಬೇಕೆನ್ನುವುದು ಈ ಕಾರಣಕ್ಕೇ.

ಬೆಟ್ಟಸಾಲಿನ ಎರಡು ಪಾಠಗಳು

ಪರಿಸರದ ಕಾಳಜಿಯುಳ್ಳವರಿಗೆ ಹಿರಿಯರ ಬಿ.ಪಿ. ಲೆಕ್ಕ ಏಕೆ ಬೇಕೆಂದು ಕೇಳುವವರಿಗೆ ಎರಡು ಊರುಗಳ ಕಥೆ ಉತ್ತರವಾದೀತು.

ಮೊದಲನೆಯದು ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಅಲ್ಲಿಯ ಬಡ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ, ಅದರಲ್ಲೂ ದಲಿತ ಸಮುದಾಯಗಳಲ್ಲಿ, ಸೊಂಟ ಮತ್ತು ಮೊಣಕಾಲಿನ ಕೀಲುಗಳು ಸವೆದು ನಡೆಯಲಾರದಂತಾಗುವ ಕಾಯಿಲೆ ಹೊರಜಗತ್ತಿನ ಗಮನಕ್ಕೆ ಬಂತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಗಳ ಮೂಲಕ ದೇಹ ಸೇರಿತೆಂಬ ಶಂಕೆ ಆರಂಭದಲ್ಲಿ ಬಲವಾಗಿತ್ತು. ಮುಂದೆ ಕುಟುಂಬಗಳ ವಂಶವೃಕ್ಷ ಬರೆದು, ಮೂಳೆಗಳ ಕ್ಷಕಿರಣ ಚಿತ್ರಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳು ಇದು ಅನುವಂಶಿಕವಾಗಿ ಬರುವ ಮೂಳೆರೋಗವೆಂಬ ನಿರ್ಣಯಕ್ಕೆ ಬಂದವು.

ಎರಡನೆಯದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಗುತ್ತಿತ್ತು. ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಸಣ್ಣದೊಂದು ಪ್ರದೇಶದ ಮನೆಗಳಲ್ಲಿ ಕ್ಯಾನ್ಸರ್, ಮಾನಸಿಕ ಕಾಯಿಲೆ, ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ವರ್ಷಗಳ ಕಾಲ ಅದೇ ಜನರಿಗೆ ಚಿಕಿತ್ಸೆ ನೀಡುತ್ತಲೇ ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಅದನ್ನು ಹೊರಗೆ ತಂದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ನಡೆಸಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ನೀಡಿತು. ಇಷ್ಟಾದರೂ ಯಾರ ಕಾಯಿಲೆ ಎಂಡೋಸಲ್ಫಾನಿನಿಂದ ಬಂದದ್ದು, ಯಾರದು ಅಲ್ಲ ಎಂಬ ವಾದ ದೀರ್ಘಕಾಲ ನಡೆಯಿತು. ಸಿಂಪಡಣೆಗೆ ಮುಂಚೆ ಆ ಜನರ ಆರೋಗ್ಯ ಹೇಗಿತ್ತೆಂಬ ದಾಖಲೆ ಇದ್ದಿದ್ದರೆ ಆ ವಾದಕ್ಕೆ ಅಷ್ಟು ಆಸ್ಪದ ಇರುತ್ತಿರಲಿಲ್ಲ.

ಈ ಎರಡು ಕಥೆಗಳನ್ನು ಒಟ್ಟಿಗೆ ಓದಬೇಕು. ಒಂದರಲ್ಲಿ ವಿಷದ ಶಂಕೆ ನಿಲ್ಲಲಿಲ್ಲ, ಇನ್ನೊಂದರಲ್ಲಿ ಒಬ್ಬ ವೈದ್ಯರ ದೀರ್ಘ ಗಮನವೇ ವಿಷದತ್ತ ಬೆರಳು ತೋರಿತು. ದಾಖಲೆ ಇರುವುದು ನಾವು ಮೊದಲೇ ನಂಬಿದ್ದನ್ನು ಸಮರ್ಥಿಸಲಿಕ್ಕಲ್ಲ. ಅದು ನಮ್ಮ ನಂಬಿಕೆಯನ್ನು ಸುಳ್ಳೆಂದೂ ತೋರಿಸಬಹುದು, ಆಗಲೂ ಅದನ್ನು ಒಪ್ಪುವ ಧೈರ್ಯ ಬೇಕು.

ಇಂದಿಗೂ ನಮ್ಮ ಮುಂದೆ ಉತ್ತರವಿಲ್ಲದ ಪ್ರಶ್ನೆಗಳಿವೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದ ದ್ರಾಕ್ಷಿತೋಟದ ಕಾರ್ಮಿಕರ ಶ್ವಾಸಕೋಶದಲ್ಲಿ ವಿಶೇಷ ಬಗೆಯ ಕಾಯಿಲೆಯನ್ನು ಪೋರ್ಚುಗಲ್ಲಿನ ವೈದ್ಯರು 1969ರಲ್ಲೇ ವರ್ಣಿಸಿದ್ದರು. ನಮ್ಮ ಕೊನೆಗೌಡರು ಮರದ ತುದಿಯಲ್ಲಿ ನಿಂತು ಅದೇ ದ್ರಾವಣದ ತುಂತುರನ್ನು ಮಳೆಗಾಲದುದ್ದಕ್ಕೂ ಉಸಿರಾಡುತ್ತಾರೆ. ಅರವತ್ತಾದ ಮೇಲೆ ಅವರಿಗೆ ಬರುವ ದಮ್ಮು ಬೀಡಿಯದೋ, ಒಲೆಯ ಹೊಗೆಯದೋ, ಮೈಲುತುತ್ತದ್ದೋ? ಊಹೆ ಯಾರೂ ಮಾಡಬಹುದು. ಹೇಳಬಲ್ಲ ಪುಸ್ತಕ ನಮ್ಮ ಊರುಗಳಲ್ಲಿ ಇಲ್ಲ.

ಸರ್ಕಾರ ಮಾಡುತ್ತಿರುವುದೇನು?

ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಮೂವತ್ತು ದಾಟಿದವರ ಮನೆಗೆ ಹೋಗಿ ಆಶಾ ಕಾರ್ಯಕರ್ತೆಯರು ನಮೂನೆ ತುಂಬುತ್ತಾರೆ. 2021ರಿಂದ ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆಯ ವ್ಯವಸ್ಥೆ ದೇಶದಾದ್ಯಂತ ಬಂದಿದೆ. ಮನೆಬಾಗಿಲಲ್ಲೇ ತಪಾಸಣೆ ನಡೆಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಿಗೆ ಜಾರಿಗೆ ತಂದಿತು. ಇವೆಲ್ಲ ಸ್ವಾಗತಾರ್ಹ.

ಆದರೆ ತಪಾಸಣೆ ಬೇರೆ, ಅನುಸರಣೆ ಬೇರೆ. ಎಷ್ಟು ಜನರನ್ನು ಪರೀಕ್ಷಿಸಿದಿರಿ ಎಂದು ಮೇಲಿನವರು ಕೇಳಿದರೆ ಕೆಳಗಿನವರು ತಲೆ ಎಣಿಸಿ ಕಳಿಸುತ್ತಾರೆ. ಹೋದ ವರ್ಷ ರಕ್ತದೊತ್ತಡ 140/90ನ್ನು ಮೀರಿದ್ದವರಲ್ಲಿ ಈ ವರ್ಷ ಎಷ್ಟು ಜನರದು ಹತೋಟಿಗೆ ಬಂದಿದೆ ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಅದೇ ಮನುಷ್ಯನ ಎರಡು ವರ್ಷದ ಅಂಕಿಗಳು ಒಂದೇ ಕಡೆ ಇರಬೇಕು. ಗಣಕಯಂತ್ರದಲ್ಲಿ ಸೇರಿದ ಮಾಹಿತಿ ನೆಟ್‌ವರ್ಕ್ ಸಿಗದ ನಮ್ಮ ಕಣಿವೆಗಳ ಅಜ್ಜಿಗೂ ಅವಳ ವೈದ್ಯರಿಗೂ ಬೇಕಾದ ಹೊತ್ತಿಗೆ ಕಾಣುವುದಿಲ್ಲ. ಕೈಯಲ್ಲಿ ಹಿಡಿಯಬಹುದಾದ ಪುಸ್ತಕದ ಅಗತ್ಯ ಇನ್ನೂ ತೀರಿಲ್ಲ. ಹೆರಿಗೆಯ ತಾಯಿಗೆ ತಾಯಿ ಕಾರ್ಡನ್ನು ಜೋಪಾನವಾಗಿಡುವುದು ಗೊತ್ತು. ಅಂಥದೇ ಪುಸ್ತಕ ಅದೇ ಮನೆಯ ಅಜ್ಜಿಗೂ ಬೇಡವೇ?

ಏನನ್ನು, ಹೇಗೆ ಬರೆಯಬೇಕು?

ನನ್ನ ಸಲಹೆ ಸರಳ. ಪ್ರತಿಯೊಬ್ಬ ಹಿರಿಯರಿಗೂ ಒಂದು ಇನ್ನೂರು ಪುಟದ ನೋಟುಪುಸ್ತಕ. ಪುಸ್ತಕ ಅವರದು, ಅವರು ಹೋದಲ್ಲೆಲ್ಲ ಅದೂ ಹೋಗಬೇಕು. ಮೊದಲ ಪುಟದಲ್ಲಿ ಇರುವ ಕಾಯಿಲೆಗಳು, ನುಂಗುವ ಔಷಧಗಳು. ಔಷಧದ ವ್ಯಾಪಾರಿ ಹೆಸರಿನ ಪಕ್ಕದಲ್ಲಿ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನೂ ಬರೆಯಬೇಕು. ಮಾತ್ರೆ ಇಮ್ಮಡಿಯಾಗುವ ಅಪಾಯ ಅಷ್ಟರಿಂದಲೇ ಬಹುಪಾಲು ತಪ್ಪುತ್ತದೆ.

ತಿಂಗಳಿಗೊಮ್ಮೆ ರಕ್ತದೊತ್ತಡ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಕವಳ, ಬೀಡಿ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತು, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಪ್ರತಿ ಸಲವೂ ಅದೇ ತೋಳಿನಲ್ಲಿ, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆಯಬೇಕು. ಕೇರಿಗೊಂದು ಯಂತ್ರ ಸಾಕು. ವರ್ಷಕ್ಕೊಮ್ಮೆ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದು ಅಲ್ಲಿಯ ಯಂತ್ರದೊಡನೆ ಹೋಲಿಸಬೇಕು.

ಯುಗಾದಿ, ಮೃಗಶಿರಾ ಮಳೆಯ ಆರಂಭ, ಭೂಮಿ ಹುಣ್ಣಿಮೆ, ಸಂಕ್ರಾಂತಿ ಈ ನಾಲ್ಕು ಕಾಲಗಳಲ್ಲಿ ತೂಕ ಮತ್ತು ನಡಿಗೆ. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ ವೈದ್ಯರನ್ನು ಕಾಣಲೇಬೇಕು. ಜಗಲಿಯಲ್ಲಿ ನಾಲ್ಕು ಮೀಟರ್ ಗುರುತು ಹಾಕಿ, ಸಹಜ ವೇಗದಲ್ಲಿ ನಡೆಯಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬಹುದು. ಐದು ಸೆಕೆಂಡಿಗಿಂತ ಹೆಚ್ಚಾದರೆ ಅದು ದೇಹದ ಬಲ ಕುಂದಿರುವುದರ ಸೂಚನೆ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್. ಮಧುಮೇಹಿಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಎಚ್‌ಬಿಎ1ಸಿ ಪರೀಕ್ಷೆ. ಇದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವುದರಿಂದ, ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ವೈದ್ಯರ ಕಣ್ಣಿಗೆ ಮಣ್ಣೆರಚುವ ನಮ್ಮ ಜಾಣತನ ಇದರ ಮುಂದೆ ನಡೆಯುವುದಿಲ್ಲ. ಬಿದ್ದದ್ದು, ಆಸ್ಪತ್ರೆ ಸೇರಿದ್ದು, ಔಷಧ ಬದಲಾದದ್ದು ಎಲ್ಲವನ್ನೂ ದಿನಾಂಕ ಹಾಕಿ ಬರೆಯಬೇಕು. ಯಾವ ಊರಿನಲ್ಲಿದ್ದಾಗ ಎಂಬುದನ್ನೂ ಮರೆಯಬಾರದು. ಮದ್ದು ಹೊಡೆದ ದಿನಗಳು, ಹೊಡೆದ ಮದ್ದಿನ ಹೆಸರು ಇದ್ದರಂತೂ ಉತ್ತಮ.

ಪುಸ್ತಕದ ಪುಟಗಳ ಫೋಟೊ ತೆಗೆದು ಮಕ್ಕಳ ಮೊಬೈಲಿನಲ್ಲಿ ಇಟ್ಟಿರಬೇಕು. 2025ರ ಮೇ ತಿಂಗಳ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಕೆಳಮನೆಯ ಬೀರುವಿನಲ್ಲಿಟ್ಟ ಕಾಗದ ಉಳಿಯುವುದಿಲ್ಲ. ನಮ್ಮ ಕಡೆ ಗುಡ್ಡ ಜರಿದಾಗಲೂ ಅಷ್ಟೇ.

ಆಕ್ಷೇಪಗಳು

ಲೆಕ್ಕ ಇಡುತ್ತ ಹೋದರೆ ಹಿರಿಯರಿಗೆ ಕಾಯಿಲೆಯದ್ದೇ ಚಿಂತೆ ಹತ್ತೀತು ಎನ್ನುವವರಿದ್ದಾರೆ. ಮಳೆ ಅಳೆಯುವುದರಿಂದ ಪ್ರವಾಹ ಬರುವುದಿಲ್ಲ. ಒಂದು ದಿನದ ಹೆಚ್ಚಿನ ಅಂಕಿಗೆ ಹೆದರಿ ಕಂಗಾಲಾಗುವುದು ಹಿಂದಿನ ಅಂಕಿಗಳು ಕಣ್ಣೆದುರಿಗಿಲ್ಲದವರು. ಇನ್ನೊಂದು ಆಕ್ಷೇಪ ಗುಟ್ಟಿನದು, ಅದು ನ್ಯಾಯವಾದದ್ದು. ಕಾಯಿಲೆಯ ಸುದ್ದಿ ಊರ ಬಾಯಿಗೆ ಬೀಳಬಾರದು, ವಿಮೆಯವರ ಕೈಗೂ ಹೋಗಬಾರದು. ಆದ್ದರಿಂದಲೇ ಪುಸ್ತಕ ಹಿರಿಯರದಾಗಿರಬೇಕು, ಅವರು ಒಪ್ಪಿ ತೋರಿಸಿದವರಿಗೆ ಮಾತ್ರ ತೋರಬೇಕು. ಸಂಶೋಧಕರು ಬಂದು ರಕ್ತ ತೆಗೆದುಕೊಂಡರೆ, ಫಲಿತಾಂಶವನ್ನು ಆ ಪುಸ್ತಕದಲ್ಲಿ ಬರೆದುಕೊಟ್ಟೇ ಹೋಗಬೇಕೆಂದು ಕೇಳುವ ಹಕ್ಕು ನಮ್ಮದು. ಊರಿನ ಒಟ್ಟು ಲೆಕ್ಕ ಬೇಕಾದಾಗ ಹೆಸರು ಬಿಟ್ಟು ಅಂಕಿ ಮಾತ್ರ ಕೂಡಿಸಿದರಾಯಿತು.

ಆಶಾ ಕಾರ್ಯಕರ್ತೆಯರ ಹೆಗಲಿಗೆ ಇದನ್ನೂ ಹೇರುವುದು ತರವಲ್ಲ. ಈಗಾಗಲೇ ಅವರ ಹೊರೆ ಅವರ ಗೌರವಧನಕ್ಕಿಂತ ಭಾರವಾಗಿದೆ. ಈ ಕೆಲಸಕ್ಕೆ ತಕ್ಕವರು ಪ್ರೌಢಶಾಲೆ ಮತ್ತು ಕಾಲೇಜಿನ ವಿದ್ಯಾರ್ಥಿಗಳು. ಅಜ್ಜನ ತೋಳಿಗೆ ಪಟ್ಟಿ ಸುತ್ತಿ ಅಂಕಿ ಬರೆಯಲು, ವರ್ಷದ ಕೊನೆಗೆ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯಲು ಒಂಬತ್ತನೆಯ ತರಗತಿಯ ಗಣಿತ ಧಾರಾಳ ಸಾಕು. ಔಷಧ ಕೊಡುವುದು, ಬದಲಿಸುವುದು ವೈದ್ಯರ ಕೆಲಸ, ಅದರಲ್ಲಿ ನಾವು ಕೈ ಹಾಕಬಾರದು. ಅವರ ಮುಂದೆ ಬರಿಗೈಯಲ್ಲಿ ಕೂರದಿರುವುದಷ್ಟೇ ನಮ್ಮ ಪಾಲಿನದು.

ಮುಂದಿನ ಭೂಮಿ ಹುಣ್ಣಿಮೆಗೆ ಗದ್ದೆಯ ಬಯಕೆ ತೀರಿಸಿ ಮನೆಗೆ ಬಂದ ದಿನವೇ ಮೊದಲ ಪುಟ ಬರೆಯಬಹುದು. ಹತ್ತು ಮನೆಗಳಲ್ಲಿ ಐದು ವರ್ಷ ನಿಲ್ಲದೆ ನಡೆದರೆ ಈ ಬೆಟ್ಟದ ಬಗ್ಗೆ ಇದುವರೆಗೆ ಯಾರೂ ಬರೆಯದ ಒಂದು ಪುಸ್ತಕ ನಮ್ಮ ಬಳಿ ಇರುತ್ತದೆ. ಹಿರಿಯರು ಹೊರಮಾವಿಗೆ ಹೊರಡುವಾಗ ಚೀಲದಲ್ಲಿ ಉಪ್ಪಿನಕಾಯಿ ಭರಣಿಗೆ ಸಿಗುವ ಜಾಗದ ಪಕ್ಕದಲ್ಲೇ ಅದಕ್ಕೂ ಒಂದಿಷ್ಟು ಜಾಗ ಮಾಡಿಕೊಡಿ.